ಹುಣಸೆಹಣ್ಣು ಕಂಡ ಹಸಿರು ಕಲ್ಲು

ಎಪ್ಪತ್ತರ ದಶಕದಲ್ಲಿ ನಾವು ವಡಗಾವಿಯ ಮಗ್ಗಗಳ ಸದ್ದಿನ ನಡುವೆ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಒಮ್ಮೆ ಹುಡುಗರಿಗೆ ತೋರಿಸಲೆಂದು ಖಾನಾಪುರದ ತಮ್ಮ ಹಳೆಯ ಗುರುಗಳಿಂದ ಒಂದು ಕಲ್ಲನ್ನು ಕಡ ತಂದರು. ಗುರುಗಳು ಯಾರಿಗೂ ಕೊಡದ ಕಲ್ಲು ಅದು. "ಹ್ಯಾಂಗ ಒಯ್ದಿ, ಹಾಂಗ ತಂದು ಕೊಡು" ಅಂದಿದ್ದರಂತೆ.

ಅಂಗೈಯಷ್ಟು ಬೂದು ಕಲ್ಲು. ಮೈತುಂಬ ಸಾಸಿವೆಗಿಂತ ಸಣ್ಣ ಹರಳುಗಳು, ಗಾಜಿನ ಹೊಳಪು, ಹಳೆಯ ಬಾಟಲಿಯಂಥ ಕಡುಹಸಿರು. ಲಿಬೆಥೆನೈಟ್ ಅಂತ ಹೆಸರು. ತಾಮ್ರಕ್ಕೆ ರಂಜಕ ಕೂಡಿ ಆದದ್ದು, ಬಲು ಅಪರೂಪ.

"ಏನಪಾ ಇದು?" ಅಂದರು ನಮ್ಮ ಅತ್ತೆ.

"ಇದರಾಗ ತಾಮ್ರ ಐತಿ ಅವ್ವಾ."

ಮಗ ಅಷ್ಟೇ ಹೇಳಿ ಕಲ್ಲನ್ನು ಕಿಟಕಿಯಲ್ಲಿಟ್ಟರು. ಸೋಮವಾರ ಬಂತು. ಸೋಮವಾರ ಅಂದರೆ ನಮ್ಮತ್ತೆ ಪೂಜೆಗೆ ಮುಂಚೆ ಮನೆಯ ತಾಮ್ರವನ್ನೆಲ್ಲ ಹಿತ್ತಲಿಗೆ ಒಯ್ದು, ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವ ದಿನ. ಹಂಡೆ, ಕೊಡ, ತಂಬಿಗೆ ಮುಗಿದ ಮೇಲೆ ಕಲ್ಲಿನ ಪಾಳಿಯೂ ಬಂತು. ಒಲೆ ಮುಂದಿದ್ದ ನನಗೆ ಗೊತ್ತೇ ಆಗಲಿಲ್ಲ.

"ಎಷ್ಟ ತಿಕ್ಕಿದ್ರೂ ತಾಮ್ರ ಕಾಣವಲ್ದು. ನಿಮ್ಮ ಕಾಲೇಜಿನಾಗ ಕಿಲುಬು ತಗ್ಯಾವ್ರು ಯಾರೂ ಇಲ್ಲೇನೋ?" ಅಂತ ಸಂಜೆ ಮಗನ ಕೈಗೆ ಕೊಟ್ಟರು.

ಕಲ್ಲಿನ ಒಂದು ಮಗ್ಗುಲು ಪೂರಾ ಮಂಕಾಗಿತ್ತು. ನಮ್ಮವರು ಆ ರಾತ್ರಿ ಊಟ ಮಾಡಲಿಲ್ಲ. "ಗುರುಗೋಳಿಗೆ ಏನಂತ ಮಾರಿ ತೋರಸ್ಲಿ?" ಅಂತ ನನ್ನ ಮುಂದೆ ಅಂದದ್ದು ಅತ್ತೆಗೆ ಕೇಳಿಸಿತು.

"ತಿಕ್ಕಿದಾಕಿ ನಾನು. ನಾನೂ ಬರ್ತೀನಿ ನಡಿ."

ಮರುದಿನ ಮೂವರೂ ಖಾನಾಪುರದ ಬಸ್ಸು ಹತ್ತಿದೆವು. ಅತ್ತೆಯೇ ಮುಂದಾಗಿ ಎಲ್ಲ ಹೇಳಿಬಿಟ್ಟರು. ಗುರುಗಳು ಕನ್ನಡಕ ಏರಿಸಿ ಕಲ್ಲನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಖರೇ ಹೇಳ್ರಿ ಅಕ್ಕಾರ, ಹುಣಸಿಹಣ್ಣು ಹಚ್ಚಿದಾಗ ನೊರಿ ಬಂತೇನು?"

"ಇಲ್ರೀ. ಹಸರು ಬಿಟ್ಟತು, ಅಷ್ಟ."

ಗುರುಗಳಿಗೆ ನಗು ತಡೆಯಲಾಗಲಿಲ್ಲ. "ನೋಡಪಾ, ಇದರಂಗ ಕಾಣೂ ಮ್ಯಾಲಕೈಟ್ ಹುಳಿಗೆ ನೊರಿ ಬಿಡತೈತಿ. ಇದು ಸುಮ್ಮನ ಕರಗತೈತಿ. ಇಷ್ಟು ವರ್ಷ ಪಾಠ ಹೇಳೀನಿ, ಇದು ಅದಲ್ಲ ಅಂತ ಖಾತ್ರಿ ಮಾಡ್ಕೊಳ್ಳಾಕ ಒಂದು ಹನಿ ಆಮ್ಲ ಹಾಕಾಕ ನನಗ ಮನಸ ಆಗಲಿಲ್ಲ. ನಿಮ್ಮವ್ವ ಪರೀಕ್ಷಾ ಮಾಡೇ ಬಿಟ್ರು! ಸಂದಿನಾಗಿನ ಹರಳು ಹಾಂಗ ಅದಾವ, ಬಿಡು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮವರು ಅಂದು ಅಲ್ಲೇ ಹೊಟ್ಟೆ ತುಂಬ ಉಂಡರು.

ಹೊರಡುವಾಗ ಗುರುಗಳು ಕಪಾಟಿನಿಂದ ಇನ್ನೊಂದು ಕಲ್ಲು ತೆಗೆದು ಶಿಷ್ಯನ ಕೈಗಿಟ್ಟರು.

"ಇದನ್ನೂ ತೋರಸು ಹುಡುಗರಿಗೆ. ಆದ್ರ ರವಿವಾರದೊಳಗ ತಂದು ಕೊಡಪಾ."