ಟಪಾಲಿನ ಗೊಲ್ಲಾಳಪ್ಪನ ದಮ್ಮು

ವಾಡಿ ಸ್ಟೇಷನ್ನಿನ ಎದುರು ಬಾಬುಮಿಯಾನ ಚಹಾದ ಹೋಟೆಲು. ಎಪ್ಪತ್ಮೂರನೆಯ ಇಸವಿಯ ಒಂದು ಮುಂಜಾನೆ, ಇದನ್ನು ಬರೆಯುತ್ತಿರುವ ಮಹಾಶಯ ಅಲ್ಲಿ ಹೋಗಿ ಕೂತ. ಊರಿನ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದವ, ಜೊತೆಗೆ ತಾನು ಭಾರಿ ಚುರುಕಿನವನೆಂಬ ಭ್ರಮೆ. ಕಪ್‌ಗಳೆಲ್ಲ ತೊಳೆಯಲು ಹೋಗಿದ್ದವು. ಗೋಡೆಯ ಮೊಳೆಗೆ ಒಂದು ಕಪ್ ನೇತಾಡುತ್ತಿತ್ತು. ಅದನ್ನು ತಾನೇ ಇಳಿಸಿ, ತಾನೇ ಚಹಾ ಬಗ್ಗಿಸಿಕೊಂಡು ಎರಡು ಗುಟುಕು ಕುಡಿದೇಬಿಟ್ಟ.

"ಅರೆ ಮಾಸ್ತರ್, ಅದು ಗೊಲ್ಲಾಳಪ್ಪಂದು ಅದರಿ! ಅಂವಗ ಟೀಬಿ ಅದ!" ಎಂದು ಬಾಬುಮಿಯಾ ಕೂಗಿದ.

ಮಹಾಶಯ ಬಾಯಲ್ಲಿದ್ದ ಚಹಾವನ್ನು ಅರ್ಧ ನೆಲಕ್ಕೆ, ಅರ್ಧ ಹೊಸ ಧೋತರಕ್ಕೆ ಉಗುಳಿ, ನಲ್ಲಿಗೆ ಓಡಿ ಏಳು ಸಲ ಬಾಯಿ ಮುಕ್ಕಳಿಸಿದ. ಎಂಟನೆಯ ಸಲಕ್ಕೆ ಕತ್ತೆತ್ತಿ ನೋಡಿದರೆ, ಹೆಗಲಿಗೆ ಟಪಾಲಿನ ಚೀಲ ಹಾಕಿಕೊಂಡ ತೆಳ್ಳನೆಯ ಮನುಷ್ಯನೊಬ್ಬ ಪಕ್ಕದಲ್ಲೇ ನಿಂತು ತನ್ನ ಸರದಿಗೆ ಕಾಯುತ್ತಿದ್ದ.

"ಸಾವಕಾಶ ಮುಕ್ಕಳಿಸ್ರಿ ಮಾಸ್ತರ್. ನಾ ಕಪ್ ಆಮ್ಯಾಲ ತೊಳ್ಕೋತೀನಿ," ಎಂದ ಅವನು. ಅವನೇ ಗೊಲ್ಲಾಳಪ್ಪ.

ಗೊಲ್ಲಾಳಪ್ಪನಿಗೆ ಸಿಟ್ಟು ಮಾಡಿಕೊಳ್ಳಲೂ ದಮ್ಮು ಸಾಲುತ್ತಿರಲಿಲ್ಲ. ವಯಸ್ಸು ಮೂವತ್ತೈದು. ಸ್ಟೇಷನ್ನಿನಿಂದ ಬಜಾರು ಮುಟ್ಟುವಷ್ಟರಲ್ಲಿ ಬೇವಿನ ಗಿಡದ ಕೆಳಗೊಮ್ಮೆ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೊಮ್ಮೆ, ಹಾಸುಗಲ್ಲು ಒಟ್ಟಿದ ಜಾಗದಲ್ಲೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕು. ಊರವರು ಅವನಿಗೆ, ಎಲ್ಲ ಸ್ಟೇಷನ್ನಿಗೂ ನಿಲ್ಲುವ ರೈಲಿನಂತೆ, 'ಪ್ಯಾಸೆಂಜರ್' ಎಂದೇ ಹೆಸರಿಟ್ಟಿದ್ದರು. ಚಳಿಗಾಲ ಬಂತೆಂದರೆ ಎದೆಯೊಳಗೆ ಸುಂಯ್ ಎನ್ನುವ ಸದ್ದು, ಮೇಲೊಂದು ಕೆಮ್ಮು. ಒಲೆ ಊದಲಾರದೆ ಸೀಮೆಎಣ್ಣೆಯ ಸ್ಟೋವಿನ ಮೇಲೆ ಒಬ್ಬನಿಗಾಗುವಷ್ಟು ಅನ್ನ ಬೇಯಿಸಿಕೊಳ್ಳುತ್ತಿದ್ದ. ಒಮ್ಮೆ ಹೆಣ್ಣು ನೋಡಲು ಹೋದಾಗ, ಆ ಮನೆಯ ಮಾಳಿಗೆ ಹತ್ತಿದವನು ಏದುತ್ತ ತನ್ನ ಹೆಸರು ಹೇಳುವುದಕ್ಕೇ ಬಹಳ ಹೊತ್ತು ತೆಗೆದುಕೊಂಡನೆಂದು ಸಂಬಂಧ ಮುರಿದುಬಿತ್ತು. ಊರಿಗೆಲ್ಲ ಕಾಗದ ಮುಟ್ಟಿಸುವವನಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ.

ಅವನ ಸ್ವಂತ ಊರು ದಂಡೋತಿಯಲ್ಲಿ ತಾಯಿ ಹಣಮಮ್ಮ, ತಮ್ಮ ಶಿವರಾಯ, ಅವನ ಹೆಂಡತಿ ಅಮೃತಮ್ಮ, ಎರಡು ಸಣ್ಣ ಮಕ್ಕಳು ಇದ್ದರು. ಟೀಬಿ ಎಂಬ ಮಾತು ಗೊಲ್ಲಾಳಪ್ಪನಿಗಿಂತ ಬೇಗ ನಡೆದು ಮೂರು ವರ್ಷದ ಹಿಂದೆಯೇ ಆ ಮನೆ ಸೇರಿತ್ತು. ಹಬ್ಬಕ್ಕೆ ಹೋದರೆ ಅವನ ಎಲೆ ಹೊರಗಿನ ಕಟ್ಟೆಯ ಮೇಲೆ. ಹೋಳಿಗೆ ಬಿಸಿಯಾಗಿರುತ್ತಿತ್ತು, ತುಪ್ಪಕ್ಕೂ ಕೊರತೆ ಇರಲಿಲ್ಲ. ಮಕ್ಕಳು ಮಾತ್ರ ಹೊಸ್ತಿಲ ಒಳಗೆ ನಿಂತು ದೊಡ್ಡಪ್ಪ ಉಣ್ಣುವುದನ್ನು ನೋಡುತ್ತಿದ್ದವು. ಒಳಗೆ ಹೋಗಿ ಆ ಮಕ್ಕಳ ಸಾಲಿನಲ್ಲಿ ಕೂತು ಉಣ್ಣಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅದಕ್ಕಾಗಿಯೇ ಆ ಬೇಸಿಗೆಯಲ್ಲಿ ಶಹಾಬಾದಿಗೆ ಹೋಗಿ ಜಿಲಾನಿ ಡಾಕ್ಟರಿಗೆ ಎದೆ ತೋರಿಸಿದ. ಕಫ ನೋಡಿದರು, ಎಕ್ಸ್‌ರೇ ತೆಗೆಸಿದರು, ಮುಂದಿನ ವಾರ ಕರೆದರು.

"ಟೀಬಿ ಇಲ್ಲಪಾ ನಿಂಗ," ಎಂದರು ಡಾಕ್ಟರು. "ಬೀಡಿ ಸೇದ್ತಿ?"

"ಅದಕ್ಕೂ ದಮ್ಮು ಬೇಕಲ್ರಿ."

"ಯಾವಾಗಿಂದ ಹಿಂಗ?"

"ತಿಳುವಳಿಕಿ ಬಂದಾಗಿಂದ ಹಿಂಗೇ ಅದರಿ."

"ಹುಟ್ಟಿದಾಗ ಪೂರಾ ಒಂಬತ್ತು ತಿಂಗಳು ಆಗಿತ್ತೇನು?"

"ಅವ್ವ ಹಂಗೇ ಹೇಳ್ತಾಳ್ರಿ."

"ಇನ್ನೊಮ್ಮೆ ಕೇಳು. ದಿನಾ ತುಂಬೂಕಿಂತ ಮೊದಲ ಹುಟ್ಟಿದ ಕೂಸಿನ ಎದ್ಯಾಗಿನ ಪುಪ್ಪಸ ಬಲಿತಿರಂಗಿಲ್ಲ. ಕೆಲವರಿಗಿ ದೊಡ್ಡವರಾದ್ರೂ ದಮ್ಮು ಕಮ್ಮಿನೇ ಉಳೀತದ. ಇದು ಇನ್ನೊಬ್ಬರಿಗಿ ಹತ್ತೂ ಬ್ಯಾನಿ ಅಲ್ಲ." ಟೀಬಿ ಇಲ್ಲವೆಂದು ಒಂದು ಕಾಗದವನ್ನೂ ಬರೆದುಕೊಟ್ಟರು.

ಗೊಲ್ಲಾಳಪ್ಪ ಅಲ್ಲಿಂದ ನೇರವಾಗಿ ದಂಡೋತಿಗೆ ಹೋದ. ಹಣಮಮ್ಮ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮಗನ ಪ್ರಶ್ನೆ ಕೇಳಿ ಅವಳ ಕೈಯಲ್ಲಿದ್ದ ಮೊರ ನಿಂತಿತು.

"ಬಸುರಿ ಇದ್ದಾಗ ಕುಬಸ ಮಾಡಿ ನಂಗ ತವರಿಗಿ, ಚಿಮ್ಮನಚೋಡಕ್ಕ ಕಳಿಸಿದ್ರು. ಹೋಗಿ ಎಂಟು ದಿನಕ್ಕ ನೀ ಹುಟ್ಟಿದಿ. ಏಳೇ ತಿಂಗಳು. ಹತ್ತ್ಯಾಗ ಸುತ್ತಿ, ಬುಟ್ಟ್ಯಾಗ ಮಲಗಿಸಿ, ಒಲಿ ಹತ್ತಿರ ಇಟ್ಕೊಂಡು ಕುಂತಿದ್ವಿ. 'ಈಗೇ ಸುದ್ದಿ ಕಳಸೂದು ಬ್ಯಾಡ, ಕೂಸು ಉಳಿದ್ರ ಹೇಳಮು' ಅಂದಳು ನಮ್ಮವ್ವ."

"ಉಳದ್ನಲ್ಲವ್ವ."

"ಉಳದಿ. ಆದ್ರ ತವರಿನಾಗ ಏನೋ ಭಾರ ಎತ್ತಿಸ್ಯಾರ ಅಂತ ನಿಮ್ಮ ಮುತ್ಯಾ, ನಮ್ಮ ಮಾವ, ಜಗಳಕ್ಕ ನಿಲ್ತಿದ್ದ. ಅದಕ್ಕ ಎರಡು ತಿಂಗಳು ಬಿಟ್ಟು, ಈಗ ಹುಟ್ಟ್ಯಾನ ಅಂತ ಸಕ್ಕರಿ ಕಳಿಸಿದ್ವಿ. ಆಮ್ಯಾಲ ಆ ಮಾತು ಹಂಗೇ ಉಳೀತು."

ಸಕ್ಕರೆ ತಿಂದು ಚಿಮ್ಮನಚೋಡಕ್ಕೆ ಬಂದ ಬೀಗರು, ಎರಡು ತಿಂಗಳ ಕೂಸನ್ನು ಎತ್ತಿಕೊಂಡು, "ಐದು ದಿನದ ಕೂಸು, ಏನ್ ಚುರುಕದ!" ಎಂದು ಹೊಗಳಿದ್ದರಂತೆ. ಗೊಲ್ಲಾಳಪ್ಪನನ್ನು ಯಾರಾದರೂ ಚುರುಕು ಎಂದದ್ದು ಅದೊಂದೇ ಸಲ.

ಸಂಜೆ ಹೊಲದಿಂದ ಬಂದ ಶಿವರಾಯ ಡಾಕ್ಟರರ ಕಾಗದವನ್ನು ಎರಡು ಸಲ ಓದಿದ. ತಾಯಿ ಇದ್ದದ್ದನ್ನೆಲ್ಲ ಅವನಿಗೂ ಸೊಸೆಗೂ ಮತ್ತೊಮ್ಮೆ ಹೇಳಿದಳು.

"ಡಾಕ್ಟರು ಸುಳ್ಳ್ಯಾಕ ಬರೀತಾರ ಭಾವ," ಎಂದಳು ಅಮೃತಮ್ಮ ಬಾಗಿಲ ಹಿಂದಿನಿಂದ. "ಆದ್ರ ಕೂಸುಗಳು ಸಣ್ಣವು ಅವ ನೋಡ್ರಿ..."

"ನೋಡಮು ಅಣ್ಣಾ," ಎಂದ ಶಿವರಾಯ. ಕಾಗದವನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದ.

ಊಟದ ಹೊತ್ತಿಗೆ ಗೊಲ್ಲಾಳಪ್ಪನ ಎಲೆ ಕಟ್ಟೆಗೇ ಬಂತು. ಅವನು ರೊಟ್ಟಿ ಮುರಿದ. ಸ್ವಲ್ಪ ಹೊತ್ತಿಗೆ ಹಣಮಮ್ಮ ತನ್ನ ತಾಟನ್ನೂ ಹಿಡಿದುಕೊಂಡು ಹೊರಗೆ ಬಂದು ಅವನ ಪಕ್ಕ ಕೂತಳು. ಮೂರು ವರ್ಷದಲ್ಲಿ ಇದೇ ಮೊದಲು. ಒಳಗೆ ಮಕ್ಕಳು ಯಾವುದಕ್ಕೋ ಜೋರಾಗಿ ನಕ್ಕವು. ತಾಯಿ ಮಗ ಇಬ್ಬರೂ ಆ ಕಡೆ ನೋಡಿ ಮತ್ತೆ ತಮ್ಮ ತಮ್ಮ ಎಲೆ, ತಾಟು ನೋಡಿಕೊಂಡರು.

"ಪಂಚಮಿ ಹಬ್ಬಕ್ಕರೆ ಒಳಗ ಕುಂತು ಉಣ್ತಿಯೇನೋ ಗೊಲ್ಲಾಳ್ಯಾ?" ಎಂದು ಕೇಳಿದಳು ಹಣಮಮ್ಮ.

ಗೊಲ್ಲಾಳಪ್ಪ ಬಾಯಲ್ಲಿದ್ದ ತುತ್ತು ನುಂಗಿ, ಎರಡು ಸಲ ಉಸಿರು ಎಳೆದುಕೊಂಡ.

"ನಾ ಹುಟ್ಟಿದ ಸುದ್ದಿ ಈ ಮನಿಗಿ ಮುಟ್ಟಾಕೇ ಎರಡು ತಿಂಗಳು ಹಿಡದದವ್ವ. ಟೀಬಿ ಇಲ್ಲ ಅನ್ನೂ ಸುದ್ದಿ ಕಟ್ಟಿ ದಾಟಿ ಒಳಗ ಹೋಗಾಕ ಇನ್ನಾ ಟೈಮ್ ಅದ."