ಕುಂಕುಮದ ಕೆಳಗಿನ ಸಹಿ

ನಮ್ಮ ಮನೆಯಲ್ಲಿ ದಸರೆಯ ಖಂಡೇಪೂಜೆಯ ದಿನ ಕುಡಗೋಲು, ಹಾರೆ, ತಕ್ಕಡಿ, ಕಾಕಾನ ಸೈಕಲ್ಲು ಇವುಗಳ ಸಾಲಿನ ಕೊನೆಗೆ ಒಂದು ಹಾಕಿ ಸ್ಟಿಕ್ಕನ್ನೂ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದರು. ಕಾಕಾನ ಹೆಂಡತಿ ಕಾಕು ಅದಕ್ಕೆ ಮೊದಲು ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಆಮೇಲೆ ಮೂರು ಬೆರಳಿನಿಂದ ವಿಭೂತಿ, ಅದರ ಮೇಲೆ ಅರಿಷಿಣ, ಕುಂಕುಮ. ಹಚ್ಚುವ ಜಾಗ ಪ್ರತಿವರ್ಷ ಒಂದೇ. ಹಿಡಿಕೆಗೆ ಸುತ್ತಿದ ಪಟ್ಟಿ ಮುಗಿದ ಕೂಡಲೇ ಬರುವ ಚಪ್ಪಟೆ ಭಾಗ. ಅಲ್ಲಿ ದೊಡ್ಡ ಆಟಗಾರನೊಬ್ಬನ ಸಹಿ ಇದೆ ಎಂದು ಕಾಕಾ ಹೇಳುತ್ತಿದ್ದ. ಸಹಿ ಇರುವ ಜಾಗವೇ ಸ್ಟಿಕ್ಕಿನ ಹಣೆ ಎಂದು ಕಾಕು ತಿಳಿದಿದ್ದಳು. ಹಣೆ ಬಿಟ್ಟು ಕುಂಕುಮವನ್ನು ಬೇರೆಲ್ಲಿ ಇಡುವುದು? ಹಿಂದಿನ ವರ್ಷದ್ದನ್ನು ಒರೆಸುವ ರೂಢಿ ನಮ್ಮಲ್ಲಿರಲಿಲ್ಲ. ಅದರ ಮೇಲೆಯೇ ಈ ವರ್ಷದ್ದು. ನನಗೆ ಬುದ್ಧಿ ಬಂದಾಗಿನಿಂದ ಅಲ್ಲಿ ಕಂಡದ್ದು ಬೆರಳುದ್ದದ, ಹಳೆ ಬೆಲ್ಲದ ಬಣ್ಣಕ್ಕೆ ತಿರುಗಿದ ಒಂದು ದಪ್ಪ ಪದರು ಮಾತ್ರ. ಸಹಿಯನ್ನು ನಾನು ನೋಡಿರಲಿಲ್ಲ.

ಅಪ್ಪ ಆ ಪೂಜೆಗೆ ನಿಲ್ಲುತ್ತಿರಲಿಲ್ಲ. ತಕ್ಕಡಿಗೆ ಕಾಯಿ ಒಡೆದು, ಸ್ಟಿಕ್ಕಿನ ಸರದಿ ಬಂದಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಕಾರಣ ಖಾನಾಪುರದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಕಾಕಾ ಹುಡುಗನಾಗಿದ್ದಾಗ ಬೆಳಗಾವಿಗೆ ಹಾಕಿ ಆಡಲು ಹೋಗುತ್ತಿದ್ದ. ಒಂದು ದಿನ ಅಲ್ಲಿಯ ಮಿಲಿಟರಿ ಕ್ಯಾಂಪಿನ ಮೈದಾನಕ್ಕೆ ಹೊರಗಿನಿಂದ ಹೆಸರಾಂತ ಆಟಗಾರರು ಬಂದಿದ್ದರಂತೆ. ಅವರಲ್ಲೊಬ್ಬರು ಕಾಕಾನ ಓಟ ಮೆಚ್ಚಿ, ಆಟ ಮುಗಿದ ಮೇಲೆ ನಿಲ್ಲಿಸಿಕೊಂಡು, ತಮ್ಮ ಸ್ಟಿಕ್ಕಿಗೇ ಸಹಿ ಹಾಕಿ ಕೊಟ್ಟರಂತೆ. ಅಷ್ಟರಲ್ಲಿ ಖಾನಾಪುರದ ಕೊನೆಯ ಬಸ್ಸು ಹೋಗಿತ್ತು. ಅದೇ ರಾತ್ರಿ ನನ್ನ ಅಜ್ಜಿ, ಅಪ್ಪ ಮತ್ತು ಕಾಕಾರ ಅವ್ವ, ತೀರಿಕೊಂಡಳು. ಮರುದಿನ ಕಾಕಾ ಸ್ಟಿಕ್ಕು ಹಿಡಿದು ಬಂದಾಗ ಮಣ್ಣು ಮಾಡಿ ಮಂದಿ ತಿರುಗಿದ್ದರು.

ಅಪ್ಪ ಆ ಕತೆಯನ್ನು ನಂಬಲಿಲ್ಲ. ಸಿನೆಮಾ ನೋಡುತ್ತ ಕೂತು, ಸ್ಟಿಕ್ಕನ್ನು ಬಜಾರದಲ್ಲಿ ಕೊಂಡು, ತಾನೇ ಏನೋ ಗೀಚಿಕೊಂಡು ಬಂದಿದ್ದಾನೆ ಎಂಬುದು ಅಪ್ಪನ ಮಾತು. ಅಣ್ಣತಮ್ಮಂದಿರು ಒಂದೇ ಮನೆಯನ್ನು ನಡುಗೋಡೆ ಹಾಕಿ ಹಂಚಿಕೊಂಡಿದ್ದರು. ಜಗಳವಿರಲಿಲ್ಲ. ಆದರೆ ಅಪ್ಪ ಕಾಕಾನಿಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. "ಅವನಿಗೆ ಹೇಳು" ಎಂದು ನಮ್ಮ ಮೂಲಕ ಹೇಳಿಸುತ್ತಿದ್ದ.

ನಾನು ಬೆಳಗಾವಿಯ ಹಿಂದವಾಡಿಯಲ್ಲಿ ಖೋಲಿ ಹಿಡಿದು ಶಿಕ್ಷಕಿಯ ತರಬೇತಿಗೆ ಓದುತ್ತಿದ್ದ ಕಾಲ ಅದು. ಅಲ್ಲಿಯದೇ ಶಹಾಪುರ ಭಾಗದ ಒಂದು ದೊಡ್ಡ ಮಂಗಲ ಕಾರ್ಯಾಲಯದಲ್ಲಿ ಆಟದ ಹಳೆಯ ವಸ್ತುಗಳನ್ನೂ ಆಟಗಾರರ ಸಹಿಗಳನ್ನೂ ಕೂಡಿಡುವವರ ಮೇಳ ನಡೆಯುವುದಿತ್ತು. ಪತ್ರಿಕೆಯಲ್ಲಿ ಅತಿಥಿಯ ಹೆಸರು ನೋಡಿ ಕಾಕಾ ಚಹಾದ ಬಸಿ ಕೆಳಗಿಟ್ಟು ಇನ್ನೊಮ್ಮೆ ಓದಿದ. ಅದೇ ಆಟಗಾರ.

ಹೊರಡುವ ದಿನ ನಾನು ಊರಲ್ಲೇ ಇದ್ದೆ. ಕಾಕು ತನ್ನ ಹಳೆಯ ಸೀರೆಯಲ್ಲಿ ಸ್ಟಿಕ್ಕನ್ನು ಸುತ್ತಿ ಕೊಟ್ಟಳು.

"ಕೂಸಿನ ಹಿಡದಂಗ ಹಿಡಕೊಂಡ ಹೋಗ್ರಿ. ಬಸ್ಸಿನ್ಯಾಗ ಯಾರರ ಕಾಲಿಟ್ಟಾರು" ಎಂದಳು.

ಅಪ್ಪ ಕಟ್ಟೆಯ ಮೇಲಿಂದ ನನ್ನನ್ನು ಕರೆದ. "ನೀನೂ ಹೋಗು. ಏನಾಗತೈತಿ ಅದನ್ನ ನೋಡ್ಕೊಂಡ ಬಾ. ಹೆಚ್ಚು ಬ್ಯಾಡ, ಕಮ್ಮೀನೂ ಬ್ಯಾಡ. ಇದ್ದದ್ದ ಇದ್ದಂಗ ನನಗ ಹೇಳಬೇಕು."

ಕಾಕಾನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದು. ಕಾಕಾ ಹಂಚಿನ ಕಾರ್ಖಾನೆಯಲ್ಲಿ ಬೆಂಕಿಯ ಮುಂದೆ ದುಡಿದವನು. ಮುಖ ಬಿಗಿಮಾಡಿಕೊಳ್ಳುವುದು ಅವನಿಗೆ ರೂಢಿ. ಬಸ್ಸಿನಲ್ಲಿ ಬೆಳಗಾವಿಯವರೆಗೆ ಅವನು ಒಂದು ಮಾತನ್ನಷ್ಟೇ ಆಡಿದ. "ಸಹಿ ನೋಡಿದ ಕೂಡಲೇ ಅವರು ಗುರ್ತ ಹಿಡೀತಾರ."

ಕಾರ್ಯಾಲಯದಲ್ಲಿ ಹಿಂದಿನ ಮದುವೆಯ ಬೇಗಡೆ ಇನ್ನೂ ಕಂಬಗಳಿಗೆ ಅಂಟಿಕೊಂಡಿತ್ತು. ಊಟದ ಮೇಜುಗಳ ಮೇಲೆ ಬ್ಯಾಟು, ಬೂಟು, ಕೈಗವಸು, ಪೈಲ್ವಾನರ ಪಟಕಾ, ಗಾಜಿನ ಕೆಳಗೆ ಫೋಟೋಗಳು. ಪುಣೆ, ಕೊಲ್ಹಾಪುರ, ಗೋವೆಯ ಕಡೆಯಿಂದ ಬಂದವರು. ಮರಾಠಿ, ಕನ್ನಡ, ಕೊಂಕಣಿ ಒಂದರೊಳಗೊಂದು ಬೆರೆತು ಗದ್ದಲ. ಪಕ್ಕದ ಓಣಿಯಿಂದ ಮಗ್ಗಗಳ ಸದ್ದು ನಿಲ್ಲದೆ ಬರುತ್ತಿತ್ತು. ಕ್ರಿಕೆಟ್ಟಿನ ಸಟ್ಟಾ ಜೂಜಿನ ಸುದ್ದಿ ಬಿಸಿಯಾಗಿದ್ದ ದಿನಗಳು. ಬ್ಯಾಟುಗಳ ಮೇಜಿನ ಮುಂದೆ ಒಬ್ಬ, "ಇವರು ಬ್ಯಾಟ್ ಮ್ಯಾಲೆ ಸಹಿ ಮಾಡೂಕಿಂತ ಮೊದಲ ಇನ್ನ ಎಲ್ಲೆಲ್ಲಿ ಮಾಡಿದ್ರೋ ಮಾರಾಯಾ" ಎಂದ. ಸುತ್ತಲಿನವರು ನಕ್ಕರು. ಅಂಗಡಿಯವನು ನಗಲಿಲ್ಲ.

ಅತಿಥಿಯಾಗಿ ಬಂದ ಆ ಆಟಗಾರರು ವೇದಿಕೆಯ ಮೇಲೆ ಒಬ್ಬರೇ ಕೂತು ಸಹಿ ಹಾಕುತ್ತಿದ್ದರು. ಬಿಳಿಯ ಕೂದಲು, ನೆಟ್ಟಗಿನ ಬೆನ್ನು. ಹೊಸ ಸಹಿ ಬೇಕಾದವರು ನೇರ ಸಾಲಿಗೆ ನಿಲ್ಲಬಹುದಿತ್ತು. ಹಳೆಯ ಸಹಿ ಇರುವ ವಸ್ತು ತಂದವರು ಮಾತ್ರ ಮೊದಲು ಪರೀಕ್ಷೆಯ ಮೇಜಿಗೆ ಹೋಗಬೇಕು. ಖೊಟ್ಟಿ ಸಹಿಗಳು ಅತಿಥಿಗಳ ಮುಂದೆ ಹೋಗಿ ಮುಜುಗರವಾಗಬಾರದೆಂದು ಮೇಳದವರು ಮಾಡಿದ ನಿಯಮ. ಆ ಮೇಜಿನಲ್ಲಿ ಪುಣೆಯ ಒಬ್ಬರು ಭೂತಗನ್ನಡಿ ಹಿಡಿದು ಕೂತಿದ್ದರು. ನಮ್ಮ ಮುಂದಿದ್ದವನ ಚೆಂಡನ್ನು ನೋಡಿ ಅವರು ಅಲ್ಲವೆಂದು ತಲೆಯಾಡಿಸಿದರು. ಅವನು ಚೆಂಡನ್ನು ಕಿಸೆಗೆ ತುರುಕಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಕಾಕಾ ಅವನನ್ನು ಬಾಗಿಲವರೆಗೆ ನೋಡಿದ.

ಸೀರೆ ಬಿಚ್ಚಿದಾಗ ವಿಭೂತಿಯ ವಾಸನೆ ಬಂತು. ಪರೀಕ್ಷಕರು ಸ್ಟಿಕ್ಕನ್ನು ಬೆಳಕಿಗೆ ಹಿಡಿದು, ಸಹಿ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ಕುಂಕುಮದ ಕಡೆ ಬೆರಳು ಮಾಡಿದ.

"ಇದರ ಕೆಳಗ ಐತ್ರಿ."

ಹಿಂದೆ ನಿಂತವನೊಬ್ಬ, "ಕಾಕಾರ, ಕೂಸಿಗೆ ತಗಸಿದಂಗ ಇದಕ್ಕ ಜಾವಳಾನೂ ತಗಸೀರೇನ್ರಿ?" ಎಂದ. ಸಾಲು ನಕ್ಕಿತು. ಪರೀಕ್ಷಕರು ಕೈಯೆತ್ತಿ ಸುಮ್ಮನಾಗಿಸಿದರು. ಅವರ ಕನ್ನಡ ಹರಕು ಮುರುಕಾಗಿದ್ದರೂ ಮಾತು ಸ್ಪಷ್ಟವಿತ್ತು. ಕಾಣದ ಸಹಿಯನ್ನು ಇದೆ ಎನ್ನಲಾಗದು. ಪದರನ್ನು ತೆಗೆಯಬಹುದು. ಆದರೆ ಎಣ್ಣೆ ಕುಡಿದ ಮರ, ಶಾಯಿ ಮರದಲ್ಲಿದೆಯೋ ಪದರಿಗೆ ಬಂದಿದೆಯೋ ಹೇಳಲಾಗದು. ಹೋದರೆ ಹೋಯಿತು. ತೆಗೆಯಲೋ ಬೇಡವೋ?

ಕಾಕಾ ವೇದಿಕೆಯ ಕಡೆ ನೋಡಿದ. ಆ ಮುದುಕರು ಯಾರಿಗೋ ನಗುತ್ತ ಸಹಿ ಹಾಕುತ್ತಿದ್ದರು. ನಾನು ಕಾಕಾನ ತೋಳು ಹಿಡಿದೆ. "ಕಾಕಾ, ಮನೀಗೆ ಒಯ್ಯೂಣು. ಇನ್ನೊಮ್ಮೆ ಬರೂಣು."

"ಇನ್ನೊಮ್ಮೆ ಇವರು ಬರ್ತಾರೇನ ತಂಗಿ?" ಎಂದ. ಆಮೇಲೆ ಪರೀಕ್ಷಕರಿಗೆ, "ತಗೀರಿ" ಎಂದ.

ಅವರು ಅವಸರ ಮಾಡಲಿಲ್ಲ. ಇದನ್ನು ಹೇಳಲೇಬೇಕು. ಮೊದಲು ಒಣ ಬಟ್ಟೆ, ಆಮೇಲೆ ನೀರಿನಲ್ಲಿ ಅದ್ದಿದ ಹತ್ತಿ. ಹತ್ತಿ ಕೆಂಪಾಯಿತು. ಇನ್ನೊಂದು ಹತ್ತಿ, ಅದು ಅರಿಷಿಣದ ಹಳದಿಗೆ ತಿರುಗಿತು. ಅದರ ಕೆಳಗೆ ಎಣ್ಣೆ ಮತ್ತು ವಿಭೂತಿ ಸೇರಿ ಗಟ್ಟಿಯಾದ ಕಂದು ಪದರು ಉಳಿಯಿತು. ನೀರಿಗೆ ಅದು ಬಿಡಲಿಲ್ಲ. ಅವರು ಸಣ್ಣ ಬಾಟಲಿಯಿಂದ ಸ್ಪಿರಿಟ್ಟಿನ ಒಂದು ಹನಿಯನ್ನು ಹೊಸ ಹತ್ತಿಗೆ ಹಾಕಿ, ಪದರಿನ ಒಂದು ಅಂಚಿಗೆ ಇಟ್ಟು, ಒತ್ತಿ, ಎತ್ತಿದರು. ಕಂದು. ಮತ್ತೆ ಇಟ್ಟು ಎತ್ತಿದರು. ಕಂದು. ಮಧ್ಯಕ್ಕೆ ಬಂದರು. ಒತ್ತಿದರು.

ಹತ್ತಿ ನೀಲಿಯಾಗಿತ್ತು.

"ಥಾಂಬಾ" ಎಂದು ಅವರು ತಮಗೆ ತಾವೇ ಹೇಳಿಕೊಂಡರು. ನಿಲ್ಲು ಎಂದು. ಕೈ ಹಿಂದಕ್ಕೆಳೆದರು. ಆ ಕ್ಷಣ ನಾನು ಬಾಗಿ ನೋಡಿದೆ. ಒದ್ದೆ ಮರದ ಮೇಲೆ ಒಂದು ಗೆರೆ ಇತ್ತು, ಕೊನೆಗೆ ಬಾಗಿದ್ದು. ಅದರ ಕೆಳಗೆ, ಹೆಸರು ಬರೆದು ಅಡಿಗೆರೆ ಎಳೆಯುತ್ತಾರಲ್ಲ, ಹಾಗೊಂದು ಓರೆ ಗೆರೆ. ಅಕ್ಷರ ಯಾವುದೆಂದು ಓದುವಷ್ಟರಲ್ಲಿ ನೀಲಿ ಹರಡಿತು. ಸ್ಪಿರಿಟ್ಟು ಆರಿದಾಗ ಅಲ್ಲಿ ಮಂಕಾದ ಕಲೆ ಮಾತ್ರ ಉಳಿದಿತ್ತು, ಬಟ್ಟೆಯ ಮೇಲೆ ನೀಲಿ ಪುಡಿ ಹೆಚ್ಚಾದಾಗ ಆಗುವಂಥದ್ದು.

ಹಿಂದಿನವರು ನಗಲಿಲ್ಲ. ಜಾವಳದ ಮಾತಾಡಿದವನು ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಕಾಕಾ ಮೇಜಿನ ಅಂಚು ಹಿಡಿದು ನಿಂತಿದ್ದ. ಉಸಿರು ಬಿಡುತ್ತಿರುವುದು ಕಾಣಿಸುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. "ಕಾಕಾ, ಕುಂದರು" ಎಂದೆ. ಅವನು ಕೂರಲಿಲ್ಲ.

ಪರೀಕ್ಷಕರು ಎದ್ದು, ನಿಯಮ ಬಿಟ್ಟು, ತಾವೇ ನಮ್ಮನ್ನು ವೇದಿಕೆಗೆ ಕರೆದೊಯ್ದರು. ನಡೆದದ್ದನ್ನು ಅತಿಥಿಗಳಿಗೆ ಹಿಂದಿಯಲ್ಲಿ ಹೇಳಿದರು. ಅತಿಥಿಗಳು ಸ್ಟಿಕ್ಕನ್ನು ತೆಗೆದುಕೊಂಡು, ಕೂತಲ್ಲಿಂದಲೇ ತುದಿಯನ್ನು ನೆಲಕ್ಕೆ ತಾಗಿಸಿ, ಹಿಡಿಕೆಯನ್ನು ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಕಾಕಾನ ಮುಖವನ್ನೂ ನೋಡಿದರು. ಬೆಳಗಾವಿಗೆ ಆಡಲು ಬಂದದ್ದು ನೆನಪಿದೆ, ಎಂದರು. ಆದರೆ ಎಷ್ಟೋ ಊರುಗಳಲ್ಲಿ ಎಷ್ಟೋ ಹುಡುಗರಿಗೆ ಸ್ಟಿಕ್ಕು ಕೊಟ್ಟಿದ್ದೇನೆ, ಇದು ನನ್ನದೇ ಎಂದು ಹೇಳಲಾರೆ, ನಿಮ್ಮ ಮುಖವೂ ನೆನಪಿಗೆ ಬರುತ್ತಿಲ್ಲ, ಕ್ಷಮಿಸಿ.

ಕಾಕಾ ಆಗಲಿ ಎಂಬಂತೆ ತಲೆ ಅಲ್ಲಾಡಿಸಿದ.

ಮೇಳದ ಮುಖ್ಯಸ್ಥರು ಅಲ್ಲೇ ಇದ್ದರು. ಒಳ್ಳೆಯ ಮನುಷ್ಯರು, ಕಾಕಾನ ಸ್ಥಿತಿ ಅವರಿಗೆ ನೋಡಲಾಗಲಿಲ್ಲವೇನೋ. "ಹೋದದ್ದ ಹೋತು ಬಿಡ್ರಿ" ಎಂದರು. "ಸಾಹೇಬರು ಅಲ್ಲೇ ಇನ್ನೊಮ್ಮೆ ಸಹಿ ಹಾಕ್ತಾರ. ಕೆಳಗ ಹಳೇ ತಾರೀಖ ಹಾಕಿಸಿ ಕೊಡ್ತೀನಿ. ಯಾವ ವರ್ಷ ಹೇಳ್ರಿ. ನಿಮ್ಮ ಮನ್ಯಾಗ ಯಾರು ಕೇಳವರು?"

ಅವರು ಹಿಂದಿಯಲ್ಲಿ ಅದನ್ನೇ ಹೇಳಿದಾಗ ಅತಿಥಿಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪೆನ್ನಿನ ಮುಚ್ಚಳ ತೆಗೆದು ಕಾಕಾನನ್ನು ನೋಡುತ್ತ ಕೂತರು. ಪೆನ್ನಿನ ತುದಿಗೂ ಆ ಕಲೆಗೂ ಗೇಣಿನಷ್ಟೂ ಅಂತರವಿರಲಿಲ್ಲ. ಅದು ನೀಲಿ ಪೆನ್ನೇ ಆಗಿತ್ತು. ಕಾಕಾ ಆ ಪೆನ್ನನ್ನೇ ನೋಡುತ್ತಿದ್ದ. ಅವನು ಅಪ್ಪನನ್ನು ನೆನೆಯುತ್ತಿದ್ದಾನೆ ಎಂದು ನನಗೆ ಅನ್ನಿಸಿತು. ಅದು ನನ್ನ ಅನಿಸಿಕೆ ಅಷ್ಟೇ. ನಾನಾದರೂ ಮನಸ್ಸಿನೊಳಗೆ, ಹೂಂ ಅನ್ನು ಕಾಕಾ, ಅಂದುಬಿಡು, ಎನ್ನುತ್ತಿದ್ದೆ.

"ಬ್ಯಾಡ್ರಿ" ಎಂದ ಕಾಕಾ. "ಇವತ್ತ ಬರದ್ರ ಇದು ಇವತ್ತಿಂದ ಆಗತೈತಿ. ನನಗ ಅವತ್ತಿಂದ ಬೇಕಾಗಿತ್ರಿ."

ಅತಿಥಿಗಳು ಮುಚ್ಚಳ ಹಾಕಿದರು. ಎದ್ದು ನಿಂತು, ಎರಡೂ ಕೈಯಿಂದ ಸ್ಟಿಕ್ಕನ್ನು ಕಾಕಾನಿಗೆ ಕೊಟ್ಟರು.

ತಿರುಗಿ ಬರುವ ಬಸ್ಸಿನಲ್ಲಿ ಕಾಕಾ ಸ್ಟಿಕ್ಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಸೀರೆ ಸುತ್ತಿರಲಿಲ್ಲ. ಟಿಕೀಟು ಕೊಡಲು ಬಂದ ಕಂಡಕ್ಟರು, "ಯಾವ ಮ್ಯಾಚ್ ಗೆದ್ರಿ ಅಜ್ಜಾರ?" ಎಂದು ಕೇಳಿದ. ಕಾಕಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಖಾನಾಪುರದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಕಾಕಾ ಅಪ್ಪನ ಮುಂದೆ ಹಾದು ತನ್ನ ಬಾಗಿಲೊಳಗೆ ಹೋದ. ಒಳಗೆ ಕಾಕು ಏನೋ ಕೇಳಿದ್ದು, ಆಮೇಲೆ "ಅಯ್ಯ ಶಿವನ, ನನ್ನ ಕೈಲೇ ಹಾಳಾತು" ಎಂದದ್ದು ಕೇಳಿಸಿತು.

ಅಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡ. "ಹೇಳು."

"ಕುಂಕುಮ ತಗದ್ರು ಅಪ್ಪಾ. ಸಹಿ ಹೋತು. ಹತ್ತಿಗೆ ನೀಲಿ ಹತ್ತಿತು."

"ಹೆಸರ ಓದಾಕ ಬಂತೇನು?"

"ಇಲ್ಲ. ಒಂದು ಬಾಗಿದ ಗೆರಿ ನೋಡಿದೆ. ಅದರ ಕೆಳಗೊಂದು ಗೆರಿ."

"ಗೆರಿ ಯಾಂವರ ಎಳೀತಾನ. ಆ ಮನಶ್ಯಾ ಗುರ್ತ ಹಿಡದನೇನು?"

"ಇಲ್ಲ. ನೆನಪಿಲ್ಲ ಅಂದ್ರು."

ಅಪ್ಪ ಹಗುರಾಗಿ ಮೂಗಿನಲ್ಲಿ ನಕ್ಕ. ನಡುಗೋಡೆಯ ಆಚೆ ಸದ್ದಿರಲಿಲ್ಲ. ಅವರು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅಳು ಬಂದಿತ್ತು. ಆದರೂ ಇದ್ದದ್ದನ್ನು ಇದ್ದಂತೆ ಹೇಳುವುದು ಇನ್ನೂ ಮುಗಿದಿರಲಿಲ್ಲ. ಮುಖ್ಯಸ್ಥರ ಮಾತು, ಹಳೆಯ ತಾರೀಖು, ಮುಚ್ಚಳ ತೆಗೆದ ಪೆನ್ನು, ಎಲ್ಲವನ್ನೂ ಹೇಳಿದೆ. ಅಪ್ಪನ ನಗೆ ನಿಂತಿತು.

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ.

"ಹಳೇ ತಾರೀಖ ಹಾಕಿ ಕೊಡ್ತೀವಿ ಅಂದ್ರೂ ಬ್ಯಾಡ ಅಂದ್ನೇನು?"

"ಬ್ಯಾಡ ಅಂದ. ನಾನ ನೋಡೇನಿ."

ಅಪ್ಪ ಅಂಗೈಯಿಂದ ಕಟ್ಟೆಯ ಕಲ್ಲನ್ನು ಒರೆಸುತ್ತ ಕೂತ. ಅಲ್ಲಿ ಧೂಳೇನೂ ಇರಲಿಲ್ಲ. ಕಾಕು ದೀಪ ಹಚ್ಚಿ ಹೊರಗೆ ಬಂದು, ಅವನ ಮುಖ ನೋಡಿ, ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದು ಕಾಕಾನ ಬಾಗಿಲಿಗೆ ಹೋದ. ಹೊಸ್ತಿಲು ದಾಟಲಿಲ್ಲ. ಕಾಕಾ ಒಳಗೆ ಸ್ಟಿಕ್ಕನ್ನು ಮೂಲೆಗೆ ಒರಗಿಸುತ್ತಿದ್ದವನು ಹಾಗೇ ನಿಂತ.

"ಅವತ್ತ ರಾತ್ರಿ ಅವ್ವ ನಿನ್ನ ಬೈಲಿಲ್ಲೋ" ಎಂದ ಅಪ್ಪ. ನನ್ನ ಮೂಲಕ ಅಲ್ಲ. ನೇರವಾಗಿ ಅವನಿಗೆ. "ಕೇಳಿದ್ಲು ಅಷ್ಟ. 'ಅವನ ಆಟ ಇನ್ನೂ ಮುಗದಿಲ್ಲೇನು' ಅಂದ್ಲು. ನಾ ಹೇಳಿರಲಿಲ್ಲ ನಿನಗ."

ಸ್ಟಿಕ್ಕು ಗೋಡೆಗೆ ಸರಿಯಾಗಿ ನಿಂತಿರಲಿಲ್ಲ, ಜಾರಿತು. ಬೀಳುವ ಮೊದಲೇ ಅಪ್ಪ ಹೊಸ್ತಿಲು ದಾಟಿ ಅದನ್ನು ಹಿಡಿದುಕೊಂಡ.