ಕಾಂತಾಬೆನ್ ಸಾಕಿದ ಪಾರಿವಾಳಗಳು

ಇವತ್ತು ಬೆಳಿಗ್ಗೆ ಚಹಾ ಹಿಡಿದು ಹಿತ್ತಲ ಬಾಗಿಲು ತೆರೆದರೆ ಬೇಲಿಯ ಮೇಲೊಂದು ಕಾಡುಪಾರಿವಾಳ ಕೂತಿತ್ತು. ನಮ್ಮೂರ ಗುಡಿಯ ಬಡಕಲು ಪಾರಿವಾಳವೆಂದು ತಿಳಿಯಬೇಡಿ. ಇದು ಲಂಡನ್ನಿನದು, ಕೋಳಿಯ ಗಾತ್ರ, ಕೊರಳಿಗೆ ಬಿಳಿ ಪಟ್ಟಿ, ಮೈತುಂಬ ಸೊಕ್ಕು. ಹುಶ್ ಎಂದೆ. ಕದಲಲಿಲ್ಲ. ಈ ಜಾತಿಯ ಮೇಲೆ ನನಗೇಕಿಷ್ಟು ಸಿಟ್ಟು ಎಂದು ಹೇಳುತ್ತೇನೆ, ಕೇಳಿ.

ತೊಂಬತ್ತರ ದಶಕದ ಕೊನೆಗೆ ನಾವು ಕಿಂಗ್ಸ್‌ಬರಿಯ ಈ ಮನೆಗೆ ಬಂದೆವು. ನನಗೆ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ಪಾಳಿ ಕೆಲಸ. ಹೆಂಡತಿ ಗಂಗಾ ಧಾರವಾಡದ ಕಡೆಯವಳು. ಇಂಗ್ಲಿಷ್ ಬಾರದೆ ದಿನವಿಡೀ ಒಬ್ಬಳೇ. ಅವಳ ಜೀವ ಹಿಡಿದದ್ದು ಎರಡು. ಒಂದು, ಸೀರೆಯ ಮಡಿಕೆಯಲ್ಲಿ ತಂದ ಪುಂಡಿಪಲ್ಯದ, ನಮ್ಮ ಕಡೆಯ ಹುಳಿಸೊಪ್ಪಿನ, ಬೀಜ. ಇನ್ನೊಂದು, ಪಕ್ಕದ ಮನೆಯ ಕಾಂತಾಬೆನ್. ಅವರು ನೈರೋಬಿಯಿಂದ ಬಂದ ಗುಜರಾತಿ ವಿಧವೆ. ಅವರ ಹಿಂದಿಯಾಗಲಿ ಗಂಗಾಳ ಹಿಂದಿಯಾಗಲಿ ಹಿಂದಿಯವರಿಗೆ ಅರ್ಥವಾಗುವಂಥದ್ದಲ್ಲ. ಅವರಿಬ್ಬರಿಗೆ ಮಾತ್ರ ಕೊರತೆಯೇ ಕಾಣಲಿಲ್ಲ. ಗಂಗಾ ಬಸುರಿಯಾದಾಗ ಜಿಪಿ ಡಾಕ್ಟರ ಹತ್ತಿರ ಕರೆದೊಯ್ದದ್ದು ಅವರು, ಬಾಣಂತನದಲ್ಲಿ ಎಣ್ಣೆ ತಿಕ್ಕಿದ್ದೂ ಅವರೇ.

ಸ್ನಾನ ಮುಗಿಸಿ ಪಾರಿವಾಳಗಳಿಗೆ ಜೋಳ ಚೆಲ್ಲದೆ ಕಾಂತಾಬೆನ್ ತುತ್ತು ಮುಟ್ಟುತ್ತಿರಲಿಲ್ಲ. ಹಕ್ಕಿಗಳು ಅಲ್ಲಿ ಜೋಳ ತಿಂದು ನಮ್ಮ ಕಡೆ ಪುಂಡಿಯ ಎಳೆ ಚಿಗುರಿಗೆ ಬರುತ್ತಿದ್ದವು. ಜೋಳದ ಸಂಗಡ ಪುಂಡಿಪಲ್ಯ: ನಮ್ಮ ಕಡೆಯ ಊಟದ ಕ್ರಮ ಅವಕ್ಕೆ ಯಾರು ಕಲಿಸಿದರೋ! ಗಂಗಾ ಅಡುಗೆಮನೆಯ ಕಿಟಕಿಯಲ್ಲಿ ತಿಂಗಳುಗಟ್ಟಲೆ ಜೋಪಾನ ಮಾಡಿದ ಸಸಿಗಳು ಹಿತ್ತಲಿಗೆ ಹೋದ ವಾರದಲ್ಲೇ ಬರಿ ಕಡ್ಡಿ. ಹಕ್ಕಿ ಬೆದರಲೆಂದು ಹೊಳೆಯುವ ಹಳೆಯ ಸಿಡಿ ತೂಗಿಬಿಟ್ಟೆವು. ಬೆದರುಬೊಂಬೆ ನಿಲ್ಲಿಸಿದೆವು. ನನ್ನ ಕೋಟು ತೊಡಿಸಿದ್ದಕ್ಕೋ ಏನೋ, ಮನೆಯಲ್ಲಿ ನನಗಿದ್ದ ಬೆಲೆಯೇ ಅದಕ್ಕೂ ಸಿಕ್ಕಿತು. ಹಕ್ಕಿಗಳು ಹೆಗಲ ಮೇಲೆ ಕೂತವು.

ಬೈಯುವಾಗ ಮಾತ್ರ ಗಂಗಾ ಕನ್ನಡಕ್ಕೆ ಬರುತ್ತಿದ್ದಳು. "ಬೆನ್, ನಿಮ್ಮ ಬೀಗರು ಊಟಕ್ಕ ಬಂದಾರ ನೋಡ್ರಿ!"

ಕಾಂತಾಬೆನ್‌ಗೆ ಅದು ಹೇಗೋ ತಿಳಿಯುತ್ತಿತ್ತು. "ಖಾನೇ ದೋ ಬೇಟಿ," ತಿನ್ನಲಿ ಬಿಡು ಎಂದು ನಗುತ್ತಿದ್ದರು. ದಿನಕ್ಕೊಮ್ಮೆ ಈ ಜಗಳವಾಗದಿದ್ದರೆ ಇಬ್ಬರಿಗೂ ಸಮಾಧಾನವಿರಲಿಲ್ಲ.

ಒಂದು ಬೇಸಿಗೆಯಲ್ಲಿ ನೈಲಾನ್ ಬಲೆ ತಂದು ಗಂಡ ಹೆಂಡತಿ ಕೂಡಿ ಕಟ್ಟಿದೆವು. ಪುಂಡಿ ಮೊದಲ ಸಲ ಮೊಣಕಾಲೆತ್ತರ ಬೆಳೆಯಿತು. ಆಮೇಲೊಂದು ಬೆಳಿಗ್ಗೆ ಪಾರಿವಾಳವೊಂದು ಬಲೆಗೆ ಸಿಕ್ಕಿ ಸತ್ತಿತ್ತು. ಮೊದಲು ಕಂಡದ್ದು ಕಾಂತಾಬೆನ್‌ಗೆ. ಗಂಗಾ ಕತ್ತರಿಯಿಂದ ಅದನ್ನು ಬಿಡಿಸಿ, ಮಣ್ಣು ಮಾಡಿ, ಕೈತೊಳೆದು ಅವರ ಬಾಗಿಲಿಗೆ ಹೋದಳು. ಬಾಗಿಲು ತೆರೆಯಿತು. "ಅಬ್ ನಹೀ, ಗಂಗಾ," ಇನ್ನು ಬೇಡ ಎಂದರು. ಮುಚ್ಚಿದರು.

ಅಷ್ಟೇ. ಆಮೇಲೆ ಒಂದು ಮಾತಿಲ್ಲ. ಕಾಳು ಚೆಲ್ಲುವಾಗ ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಗಂಗಾ ಬಲೆ ಬಿಚ್ಚಿದಳು, ಪುಂಡಿಯನ್ನೂ ಕಿತ್ತಳು. ಆ ಬೆನ್ನು ತಿರುಗಲಿಲ್ಲ. ನಾನು ಈಗಲೂ ಹೇಳುತ್ತೇನೆ, ಬಲೆ ಕಟ್ಟಿದ್ದು ತಪ್ಪಲ್ಲ. ಬೆಳೆದವರು ಬೆಳೆ ಕಾಯದೆ ಇನ್ನೇನು ಮಾಡಬೇಕು? ಹಕ್ಕಿಗೆ ಅಷ್ಟು ದಯೆ ತೋರಿದವರು ಅದರಲ್ಲೊಂದು ಹಿಡಿ ನನ್ನ ಹೆಂಡತಿಗೆ ತೋರಬಾರದಿತ್ತೆ? ಇದನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಗಂಗಾ ಕೇಳುತ್ತಲೇ ಬೇಲಿಯ ಆಚೆ ನೋಡುತ್ತಿದ್ದಳು.

ಹೋದ ತಿಂಗಳು ಕಾಂತಾಬೆನ್ ತೀರಿಕೊಂಡರು. ಅವರ ಮನೆಯಲ್ಲಿ ಪ್ರಾರ್ಥನೆಯಿದ್ದ ದಿನ ಗಂಗಾ ಬಿಳಿ ಸೀರೆ ಉಟ್ಟು ಹೊರಟಳು. ನಾನೂ ಹೋದೆ. ಬಾಗಿಲಲ್ಲಿ ನಿಂತಿದ್ದ ಅವರ ಮಗಳು ಲೆಸ್ಟರ್‌ನಲ್ಲಿರುವವಳು, ನಮ್ಮನ್ನು ಕಂಡವಳಲ್ಲ. ಅಮ್ಮ ನಿಮಗೆ ಹೇಗೆ ಪರಿಚಯ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಗಂಗಾಳಿಗೆ ಈಗ ಇಂಗ್ಲಿಷ್ ಬರುತ್ತದೆ. ಆದರೂ ತಡವರಿಸಿ, "ನೆಕ್ಸ್ಟ್ ಡೋರ್," ಎಂದಳು.

ಮಗಳ ಮುಖ ಬಿಗಿಯಿತು. "ಓ, ಆ ಬಲೆಯವರಾ?"

ಮನೆಗೆ ಬಂದದ್ದೇ ನಾನು ಹಾರಾಡಿದೆ. ಮಗಳಿಗೂ ತಾಯಿಗೂ ಸೇರಿಸಿ ಬೈದೆ. ಗಂಗಾ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಇಷ್ಟು ವರ್ಷ ನಾನು ಅವಳ ಪರವಾಗಿ ಸಿಟ್ಟಾಗಿಯೇ ಇದ್ದೆ. ಆ ಬೆನ್ನು ತಿರುಗುವುದನ್ನೇ ಅವಳು ಕಾಯುತ್ತಿದ್ದಳೆಂದು ನನಗೆ ಹೊಳೆದಿರಲಿಲ್ಲ. ಇವತ್ತು ಹಿತ್ತಲ ಬಾಗಿಲಲ್ಲಿ ನನ್ನ ಹಿಂದೆ ಬಂದು ನಿಂತವಳು ಪಕ್ಕದ ಮನೆಯ ಮುಚ್ಚಿದ ಕಿಟಕಿಗಳನ್ನು ನೋಡುತ್ತ ಹೇಳಿದಳು:

"ನನ್ನ ಹೆಸರು ಸುದ್ದಾ ಹೇಳಿಲ್ಲಲ್ರೀ ಅವರು, ಮಗಳ ಮುಂದ."